ಎಲೆ ನೋಡುವ ಮೊದಲು ಚಿಪ್ಸ್ ಎಣಿಸಿ: ಹೋಲ್ಡೆಮ್ ಟೂರ್ನಮೆಂಟಿನಲ್ಲಿ ಬೆಟ್ ಕಟ್ಟುವ ಕ್ರಮ

ರಮ್ಮಿ ಆಡಿ ಬೆಳೆದವರು ಹೋಲ್ಡೆಮ್ ಪೋಕರ್‌ಗೆ (ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ) ಬಂದಾಗ ಒಂದು ಅಭ್ಯಾಸವನ್ನು ಜೊತೆಗೇ ತರುತ್ತಾರೆ. ಅವರ ಗಮನವೆಲ್ಲ ಕೈಯಲ್ಲಿರುವ ಎಲೆಯ ಮೇಲೇ ಇರುತ್ತದೆ. ಒಳ್ಳೆಯ ಎಲೆ ಬಂದರೆ ಚಿಪ್ಸ್ ಹಾಕುತ್ತಾರೆ, ಬರದಿದ್ದರೆ ಸುಮ್ನೆ ಕೂರುತ್ತಾರೆ. ಟೂರ್ನಮೆಂಟಿನಲ್ಲಿ ಇದು ಸಾಲದು. ಅಲ್ಲಿ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟಬೇಕಾದ ಚಿಪ್ಸ್) ಏರುತ್ತಲೇ ಇರುತ್ತದೆ, ಚಿಪ್ಸ್ ಮುಗಿದರೆ ಸಾಮಾನ್ಯವಾಗಿ ಮತ್ತೆ ಕೊಳ್ಳುವಂತಿಲ್ಲ. ನಿಮ್ಮ ಹತ್ತಿರ ಎಷ್ಟು ಚಿಪ್ಸ್ ಇದೆ, ನಿಮ್ಮ ನಂತರ ಮಾತಾಡುವವರು (ಸರದಿ ಬರುವವರು) ಎಷ್ಟು ಜನ, ಯಾರ ಹತ್ತಿರ ಎಷ್ಟು ಉಳಿದಿದೆ ಅನ್ನುವುದೇ ಮುಕ್ಕಾಲು ಪಾಲು ನಿರ್ಧಾರ ಮಾಡಿಬಿಡುತ್ತದೆ. ಎಲೆ ಅದರ ನಂತರ.

ಈ ಮಾರ್ಗದರ್ಶಿ ಮೈಸೂರಿನಲ್ಲಿ ಗೆಳೆಯರು ಭಾನುವಾರ ಸೇರಿ ಆಡುವಂಥ ಎಂಟು ಜನರ ಟೂರ್ನಮೆಂಟಿಗೆ. ಫ್ಲಶ್, ಸ್ಟ್ರೇಟ್, ಫುಲ್ ಹೌಸ್‌ಗಳಲ್ಲಿ ಯಾವುದು ದೊಡ್ಡದು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಆಟದ ಚೌಕಟ್ಟು

ದುಡ್ಡು ಬೇಡ. ಇದನ್ನು ಒತ್ತಿ ಹೇಳುತ್ತೇನೆ. 2025ರಲ್ಲಿ ಸಂಸತ್ತು ಮಾಡಿದ ಕಾಯ್ದೆ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ ಎಂಬ ವಿನಾಯಿತಿಯೂ ಅದರಲ್ಲಿ ಇಲ್ಲ. ಮನೆಯ ಮೇಜಿನ ಮೇಲೂ ಹಣ ಇಡದೆ ಆಡುವುದೇ ಸರಿ. ಅದರ ಬದಲು ಅಂಕ ಇಡಿ. ಮೊದಲ ಸ್ಥಾನಕ್ಕೆ 50, ಎರಡಕ್ಕೆ 30, ಮೂರಕ್ಕೆ 20. ಕೆಲವು ತಿಂಗಳ ಅಂಕ ಕೂಡಿಸಿ ವಿಜೇತರನ್ನು ಆರಿಸಿ. ಹೀಗೆ ಮಾಡಿದರೆ ಎಲ್ಲರೂ ಮನಸ್ಸಿಟ್ಟು ಆಡುತ್ತಾರೆ, ಯಾರ ಮನೆಗೂ ತೊಂದರೆಯಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳನ್ನು ಬಿಡಿಸಿ, ಹೊಸ ಹೊಸ ಆಟಗಳನ್ನೇ ಕಟ್ಟಿಸಿದ ಊರು ಇದು. ಎಲೆಯಾಟವನ್ನು ಬುದ್ಧಿಯ ಆಟವಾಗಿ ಗೌರವಿಸಲು ನಮಗೆ ಬೇರೆ ಕಾರಣ ಬೇಕಾಗಿಲ್ಲ.

ಪ್ರತಿಯೊಬ್ಬರಿಗೂ 10,000 ಚಿಪ್ಸ್ ಕೊಡಿ. ಬ್ಲೈಂಡ್ 50/100ರಿಂದ (ಚಿಕ್ಕ ಬ್ಲೈಂಡ್ 50, ದೊಡ್ಡ ಬ್ಲೈಂಡ್ 100) ಶುರುವಾಗಿ 100/200, 150/300, 200/400, 300/600, 400/800, 600/1,200, 1,000/2,000 ಹೀಗೆ 20 ನಿಮಿಷಕ್ಕೊಮ್ಮೆ ಏರಲಿ. ಮೇಜಿನ ಮೇಲಿರುವ ಒಟ್ಟು ಚಿಪ್ಸ್ 80,000. ದೊಡ್ಡ ಬ್ಲೈಂಡ್ 4,000 ತಲುಪುವ ಹೊತ್ತಿಗೆ ಮೇಜಿನಲ್ಲಿ ಇರುವುದೆಲ್ಲ ಸೇರಿ 20 ದೊಡ್ಡ ಬ್ಲೈಂಡ್ ಮಾತ್ರ, ಆಟ ತಾನಾಗಿಯೇ ಮುಗಿಯುತ್ತದೆ. ಅಂದರೆ ಮೂರರಿಂದ ಮೂರೂವರೆ ಗಂಟೆ. ಸಂಜೆ ನಾಲ್ಕಕ್ಕೆ ಕೂತರೆ ಮಂಡ್ಯದಿಂದ ಬಂದವರು ಊಟದ ಹೊತ್ತಿಗೆ ಮನೆ ಸೇರಬಹುದು. 200/400ರ ಹಂತದಿಂದ ದೊಡ್ಡ ಬ್ಲೈಂಡ್ ಕಟ್ಟುವವರೇ ಎಲ್ಲರ ಪರವಾಗಿ ಒಂದು ಬ್ಲೈಂಡ್‌ನಷ್ಟು ಆ್ಯಂಟಿಯನ್ನೂ (ಪ್ರತಿ ಕೈಗೆ ಮೊದಲೇ ಹಾಕುವ ಹೆಚ್ಚುವರಿ ಚಿಪ್ಸ್) ಹಾಕಲಿ. ಪಾಟ್‌ನಲ್ಲಿ (ಎಲ್ಲರೂ ಹಾಕಿದ ಚಿಪ್ಸ್ ರಾಶಿಯಲ್ಲಿ) ಗೆಲ್ಲಲು ಏನಾದರೂ ಇದ್ದರೆ ಜನ ಆಡುತ್ತಾರೆ.

ಹೆಜ್ಜೆ 1: ಚಿಪ್ಸನ್ನು ಬ್ಲೈಂಡ್ ಲೆಕ್ಕದಲ್ಲಿ ಎಣಿಸಿ

'ನನ್ನ ಹತ್ತಿರ 8,000 ಇದೆ' ಅನ್ನುವ ಮಾತಿಗೆ ಅರ್ಥವಿಲ್ಲ. ಬ್ಲೈಂಡ್ 50/100 ಇದ್ದಾಗ ಅದು 80 ದೊಡ್ಡ ಬ್ಲೈಂಡ್ (ಲೆಕ್ಕದಲ್ಲಿ ಮುಂದೆಲ್ಲ ಬರೀ ಬ್ಲೈಂಡ್ ಅನ್ನುತ್ತೇನೆ), ಆರಾಮಾಗಿ ಆಡಬಹುದು. ಬ್ಲೈಂಡ್ 400/800 ಆದಾಗ ಅದೇ 8,000 ಹತ್ತೇ ಬ್ಲೈಂಡ್. ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂದು ಪೇಪರಿನಲ್ಲಿ ನೋಡುವ ಮಂಡ್ಯದ ರೈತ ಅಡಿಯನ್ನಷ್ಟೇ ನೋಡುವುದಿಲ್ಲ, ಒಳಹರಿವು ಹೊರಹರಿವು ನೋಡಿ ನಾಲೆಗೆ ಇನ್ನೆಷ್ಟು ದಿನ ನೀರು ಸಿಗುತ್ತದೆ ಎಂದು ಅಂದಾಜು ಮಾಡುತ್ತಾನೆ. ನಿಮ್ಮ ಚಿಪ್ಸನ್ನೂ ಹಾಗೆಯೇ ಲೆಕ್ಕ ಹಾಕಬೇಕು. ಬ್ಲೈಂಡ್ 200/400, ಆ್ಯಂಟಿ 400 ಇದ್ದರೆ ಮೇಜಿನ ಒಂದು ಸುತ್ತಿಗೆ ನಿಮಗೆ 1,000 ಖರ್ಚು. 8,000 ಇದ್ದರೆ ಏನೂ ಆಡದೆ ಎಂಟು ಸುತ್ತು ಬದುಕಬಹುದು. ಆದರೆ ಅಷ್ಟರೊಳಗೆ ಬ್ಲೈಂಡ್ ಏರಿರುತ್ತದೆ.

ಎಲೆ ಹಂಚುತ್ತಿರುವಾಗಲೇ ಈ ಲೆಕ್ಕ ಮುಗಿಸಿ. 40 ಬ್ಲೈಂಡ್‌ಗಿಂತ ಜಾಸ್ತಿ ಇದ್ದರೆ ಎಲ್ಲ ಬಗೆಯ ಆಟವೂ ಸಾಧ್ಯ: ಫ್ಲಾಪ್ (ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) ನೋಡಬಹುದು, ಬೆಟ್ ಕಟ್ಟಿ ಬಿಟ್ಟುಕೊಡಬಹುದು. 20ರಿಂದ 40ರ ನಡುವೆ ಕೈ ಬಿಗಿ ಮಾಡಿ, ಸುಮ್ನೆ ಕಾಲ್ ಮಾಡಿ (ಬೇರೆಯವರು ಕಟ್ಟಿದಷ್ಟೇ ಹಾಕಿ) ನೋಡುವುದನ್ನು ಕಡಿಮೆ ಮಾಡಿ. 12ರಿಂದ 20ರಲ್ಲಿ ಇನ್ನೊಬ್ಬರ ರೇಸ್ (ಬೆಟ್ ಏರಿಸುವುದು) ಮೇಲೆ ಆಲ್-ಇನ್ ಹೋಗುವುದು, ಅಂದರೆ ಇರುವ ಚಿಪ್ಸೆಲ್ಲ ಹಾಕುವುದು, ನಿಮ್ಮ ದೊಡ್ಡ ಅಸ್ತ್ರ. 12ಕ್ಕಿಂತ ಇಳಿದರೆ ಆಯ್ಕೆ ಎರಡೇ: ಆಲ್-ಇನ್ ಅಥವಾ ಫೋಲ್ಡ್ (ಎಲೆ ಬಿಡುವುದು).

ಎದುರಿನವರ ಚಿಪ್ಸೂ ಅಷ್ಟೇ ಮುಖ್ಯ. ನಿಮ್ಮ ಹತ್ತಿರ 60 ಬ್ಲೈಂಡ್ ಇದ್ದು, ಅವರ ಹತ್ತಿರ 9 ಇದ್ದರೆ ಆ ಕೈ 9 ಬ್ಲೈಂಡ್‌ನ ಕೈ. ಇಬ್ಬರಲ್ಲಿ ಯಾರದು ಕಮ್ಮಿಯೋ ಅದೇ ಲೆಕ್ಕ.

ಹೆಜ್ಜೆ 2: ಫ್ಲಾಪ್‌ಗೆ ಮುಂಚಿನ ರೇಸ್

ಮೊದಲು ಪಾಟ್‌ಗೆ ಇಳಿಯುವವರು ನೀವಾದರೆ ರೇಸ್ ಮಾಡಿಯೇ ಇಳಿಯಿರಿ. ಆರಂಭದಲ್ಲಿ ಎರಡೂವರೆಯಿಂದ ಮೂರು ಬ್ಲೈಂಡ್, ಚಿಪ್ಸ್ ಕಮ್ಮಿಯಾದಂತೆ ಎರಡು ಅಥವಾ ಎರಡೂಕಾಲು ಸಾಕು. ನಿಮಗಿಂತ ಮೊದಲೇ ಯಾರಾದರೂ ಬರೀ ಕಾಲ್ ಮಾಡಿ ಒಳಗೆ ಬಂದಿದ್ದರೆ ತಲೆಗೊಂದು ಬ್ಲೈಂಡ್ ಸೇರಿಸಿ. ಮನೆ ಆಟದಲ್ಲಿ ಹೀಗೆ ಬರುವವರು ಜಾಸ್ತಿ. ಬ್ಲೈಂಡ್ 100/200, ಇಬ್ಬರು ಕಾಲ್ ಮಾಡಿದ್ದಾರೆ, ನಿಮ್ಮ ಕೈಯಲ್ಲಿ ಎಕ್ಕ-ರಾಜ. ಇಲ್ಲಿ 500 ಕಟ್ಟಿದರೆ ಇಬ್ಬರೂ ಬರುತ್ತಾರೆ. 1,000 ಕಟ್ಟಿ.

ಎಲೆ ಎಷ್ಟು ಚೆನ್ನಾಗಿದ್ದರೂ ರೇಸ್‌ನ ಅಳತೆ ಬದಲಿಸಬೇಡಿ. ಎರಡು ಎಕ್ಕ ಬಂದಾಗ ದೊಡ್ಡದು, ಎರಡು ಐದು ಬಂದಾಗ ಚಿಕ್ಕದು ಕಟ್ಟಿದರೆ, ಒಂದೆರಡು ವಾರದಲ್ಲಿ ಮೇಜಿನವರೆಲ್ಲ ನಿಮ್ಮ ಎಲೆ ಓದಿಬಿಡುತ್ತಾರೆ.

ಯಾವ ಜಾಗದಲ್ಲಿ ಕೂತಿದ್ದೀರಿ ಎಂಬುದು ಬಹಳ ದೊಡ್ಡ ವಿಷಯ. ಬಟನ್‌ನಲ್ಲಿ (ಎಲೆ ಹಂಚುವವರ ಜಾಗ, ಪ್ರತಿ ಕೈಗೂ ಮುಂದಿನವರಿಗೆ ಸರಿಯುತ್ತದೆ) ಕೂತವರು ಫ್ಲಾಪ್, ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ ಎಲೆ) ಮೂರರಲ್ಲೂ ಕೊನೆಗೆ ಮಾತಾಡುತ್ತಾರೆ. ಉಳಿದವರು ಏನು ಮಾಡಿದರು ಎಂದು ನೋಡಿದ ಮೇಲೆ ನಿರ್ಧಾರ ಮಾಡುವ ಅನುಕೂಲ ಅವರದು. ಎಂಟು ಜನರ ಮೇಜಿನಲ್ಲಿ ಮೊದಲು ಮಾತಾಡುವ ಜಾಗದಿಂದ ಎಂಟು-ಎಂಟು ಮತ್ತು ಮೇಲಿನ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿಯಂಥವು ಸಾಕು. ಬಟನ್‌ನಲ್ಲಿ, ಎಲ್ಲರೂ ಎಲೆ ಬಿಟ್ಟಿದ್ದರೆ, ಯಾವುದೇ ಜೋಡಿ, ಯಾವುದೇ ಎಕ್ಕ, ಒಂದೇ ಜಾತಿಯ ಪಕ್ಕಪಕ್ಕದ ಎಲೆ, ಎರಡು ದೊಡ್ಡ ಎಲೆ ಎಲ್ಲದಕ್ಕೂ ರೇಸ್ ಮಾಡಬಹುದು.

ಚಿಕ್ಕ ಜೋಡಿ ಹಿಡಿದು ಬೇರೆಯವರ ರೇಸ್‌ಗೆ ಕಾಲ್ ಮಾಡುವವರಿಗೆ ಒಂದು ಲೆಕ್ಕ. ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ಸಿಕ್ಕಾಗಲೂ ಎದುರಿನವರು ಪ್ರತಿಸಲ ಎಲ್ಲ ಚಿಪ್ಸ್ ಕೊಡುವುದಿಲ್ಲ. ಹಾಗಾಗಿ ನೀವು ಕಾಲ್ ಮಾಡುವ ಮೊತ್ತದ 15ರಿಂದ 20 ಪಟ್ಟು ಇಬ್ಬರ ಹತ್ತಿರವೂ ಇದ್ದರೆ ಮಾತ್ರ ಈ ಆಸೆಗೆ ಬೀಳಿ.

ರೇಸ್ ಮೇಲೆ ರೇಸ್ ಮಾಡುವಾಗ, ನೀವು ನಂತರ ಮಾತಾಡುವ ಜಾಗದಲ್ಲಿದ್ದರೆ ಅವರ ರೇಸ್‌ನ ಮೂರು ಪಟ್ಟು, ಬ್ಲೈಂಡ್‌ನಲ್ಲಿ ಕೂತಿದ್ದರೆ ನಾಲ್ಕು ಪಟ್ಟು. ಇದು ನಿಮ್ಮ ಚಿಪ್ಸ್‌ನ ಮೂರನೇ ಒಂದು ಭಾಗ ದಾಟುತ್ತದೆ ಎಂದಾದರೆ ಅರ್ಧ ಹಾಕಿ ಕೂರಬೇಡಿ. ಅಷ್ಟು ಹಾಕಿದ ಮೇಲೆ ಬಿಟ್ಟುಕೊಡುವುದು ಲೆಕ್ಕಕ್ಕೆ ಸರಿ ಹೋಗುವುದಿಲ್ಲ. ನೇರ ಆಲ್-ಇನ್ ಹೋಗಿ, ಇಲ್ಲ ಬಿಟ್ಟುಬಿಡಿ.

ಹೆಜ್ಜೆ 3: ಫ್ಲಾಪ್ ಬಂದ ಮೇಲೆ

ಜೋಡಿಯಲ್ಲದ ಎರಡು ಎಲೆ ಹಿಡಿದಾಗ ಫ್ಲಾಪ್‌ನಲ್ಲಿ ಕನಿಷ್ಠ ಒಂದು ಜೋಡಿ ಕೂಡುವುದು ಮೂರು ಸಲಕ್ಕೆ ಒಮ್ಮೆ. ಉಳಿದ ಎರಡು ಸಲ ಏನೂ ಸಿಗುವುದಿಲ್ಲ. ಎದುರಿನವರ ಪಾಡೂ ಅದೇ. ಬೆಟ್‌ಗೆ ಇರುವ ಬಲವೆಲ್ಲ ಇಲ್ಲಿಂದಲೇ ಬರುವುದು.

ಚಿಪ್ಸ್‌ಗೆ ಕೈ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನನಗಿಂತ ಕೆಟ್ಟ ಎಲೆ ಇರುವವರು ಕಾಲ್ ಮಾಡುತ್ತಾರಾ? ನನಗಿಂತ ಒಳ್ಳೆಯ ಎಲೆ ಇರುವವರು ಬಿಡುತ್ತಾರಾ? ರೇಸ್ ಬಂದರೆ ಏನು ಮಾಡುತ್ತೇನೆ? ಮೊದಲ ಎರಡಕ್ಕೂ 'ಇಲ್ಲ' ಎಂದಾದರೆ ಆ ಬೆಟ್ ಬೇಡ, ಚೆಕ್ ಮಾಡಿ (ಏನೂ ಕಟ್ಟದೆ ಸರದಿ ದಾಟಿಸಿ). ಮೂರನೆಯದಕ್ಕೆ ಉತ್ತರ ಇಲ್ಲದೆ ಬೆಟ್ ಕಟ್ಟಿದರೆ, ರೇಸ್ ಬಂದ ತಕ್ಷಣ ಗಾಬರಿಯಲ್ಲಿ ನಿರ್ಧಾರ ಮಾಡುತ್ತೀರಿ. ದೊಡ್ಡ ನಷ್ಟಗಳು ಅಲ್ಲೇ ಆಗುವುದು.

ಒಂದು ಕೈಯನ್ನು ಪೂರ್ತಿ ನೋಡೋಣ. ಬ್ಲೈಂಡ್ 100/200, ಇಬ್ಬರ ಹತ್ತಿರವೂ 8,000. ನೀವು ಬಟನ್‌ನಲ್ಲಿ, ಕೈಯಲ್ಲಿ ಎಕ್ಕ-ರಾಣಿ. 500ಕ್ಕೆ ರೇಸ್ ಮಾಡಿದಿರಿ, ದೊಡ್ಡ ಬ್ಲೈಂಡ್‌ನವರು ಕಾಲ್ ಮಾಡಿದರು. ಪಾಟ್ 1,100. ಫ್ಲಾಪ್: ರಾಣಿ, 7, 2, ಮೂರೂ ಬೇರೆ ಬೇರೆ ಜಾತಿ. ಅವರು ಚೆಕ್ ಮಾಡಿದರು.

ಇದು ಒಣ ಫ್ಲಾಪ್. ಸ್ಟ್ರೇಟ್ ಇಲ್ಲ, ಫ್ಲಶ್ ಇಲ್ಲ. ನಿಮಗೆ ಹೆದರಿಕೆ ಬೇಕಾಗಿಲ್ಲ, ಬೇಕಾಗಿರುವುದು ಕಾಲ್. 400 ಕಟ್ಟಿ. ಏಳು ಇರುವವರು, ಎಂಟು-ಎಂಟು ಇರುವವರು, ರಾಣಿಯ ಜೊತೆ ಚಿಕ್ಕ ಎಲೆ ಇರುವವರು ಬರುತ್ತಾರೆ. 1,000 ಕಟ್ಟಿದರೆ ಏಳು ಇರುವವರು ಓಡಿಹೋಗುತ್ತಾರೆ. ಕಾಲ್ ಬಂತು, ಪಾಟ್ 1,900. ಟರ್ನ್‌ನಲ್ಲಿ 9. ಮತ್ತೆ ಚೆಕ್. ಈಗ 1,100 ಕಟ್ಟಿ, ಇಲ್ಲಿಯವರೆಗೆ ಬಂದವರ ಹತ್ತಿರ ಏನೋ ಇದೆ. ಕಾಲ್ ಬಂತು, ಪಾಟ್ 4,100, ನಿಮ್ಮ ಹತ್ತಿರ ಉಳಿದದ್ದು 6,000. ರಿವರ್‌ನಲ್ಲಿ 4. ಇಲ್ಲಿ ಹೊಸಬರು 'ಗೆದ್ದಿದ್ದೇನೆ, ಸಾಕು' ಎಂದು ಚೆಕ್ ಮಾಡುತ್ತಾರೆ. ಬೇಡ. ರಾಣಿ-ಗುಲಾಮ, ರಾಣಿ-ಹತ್ತು ಇರುವವರು 2,000ಕ್ಕೆ ಖಂಡಿತ ಕಾಲ್ ಮಾಡುತ್ತಾರೆ. ಅದನ್ನು ಕಟ್ಟದೆ ಬಿಟ್ಟರೆ 10 ಬ್ಲೈಂಡ್ ಮೇಜಿನ ಮೇಲೆ ಬಿಟ್ಟು ಬಂದ ಹಾಗೆ. ಅವರು ತಿರುಗಿ ಆಲ್-ಇನ್ ಹೋದರೆ? ಮನೆ ಆಟದಲ್ಲಿ ರಿವರ್ ರೇಸ್ ಬಹುಪಾಲು ನಿಜವೇ ಆಗಿರುತ್ತದೆ. ಎಲೆ ಬಿಟ್ಟುಬಿಡಿ. ಇನ್ನೂ 4,000, ಅಂದರೆ 20 ಬ್ಲೈಂಡ್ ನಿಮ್ಮಲ್ಲಿ ಇರುತ್ತದೆ.

ಅದೇ ಪಾಟ್‌ನಲ್ಲಿ ಫ್ಲಾಪ್ ರಾಣಿ, 10, 8 ಬಂದು, ಎರಡು ಎಲೆ ಕಳಾವರ್ ಆಗಿದ್ದರೆ ಕಥೆ ಬೇರೆ. ಫ್ಲಶ್‌ಗೆ ಕಾಯುವವರು, ಸ್ಟ್ರೇಟ್‌ಗೆ ಕಾಯುವವರು ತುಂಬಾ. ಪಾಟ್‌ನ ಮೂರನೇ ಎರಡು ಭಾಗ, 730ರಷ್ಟು ಕಟ್ಟಿ. ಯಾಕೆ ಅಷ್ಟೇ? ಮುಂದಿನ ಹೆಜ್ಜೆಯಲ್ಲಿ ಉತ್ತರ ಇದೆ.

ಮೂರು ನಾಲ್ಕು ಜನ ಫ್ಲಾಪ್ ನೋಡುತ್ತಿದ್ದರೆ ಏನೂ ಸಿಗದ ಎಲೆಯಲ್ಲಿ ಬೆಟ್ ಕಟ್ಟಬೇಡಿ. ಯಾರಿಗಾದರೂ ಒಬ್ಬರಿಗೆ ತಗುಲಿರುತ್ತದೆ.

ಹೆಜ್ಜೆ 4: ಕಾಲ್‌ನ ಬೆಲೆ

ಪಾಟ್‌ನಲ್ಲಿ 1,000 ಇದೆ, ಎದುರಿನವರು 500 ಕಟ್ಟಿದ್ದಾರೆ. ನೀವು 500 ಹಾಕಿದರೆ ಒಟ್ಟು 2,000 ಆಗುತ್ತದೆ. ನೀವು ಹಾಕುವುದು ಒಟ್ಟಿನ ಕಾಲು ಭಾಗ. ಆದ್ದರಿಂದ ನೂರಕ್ಕೆ 25 ಸಲಕ್ಕಿಂತ ಹೆಚ್ಚು ಗೆಲ್ಲುವ ಹಾಗಿದ್ದರೆ ಕಾಲ್ ಲಾಭ. ಪೂರ್ತಿ ಪಾಟ್‌ನಷ್ಟು ಬೆಟ್ ಬಂದರೆ ನೂರಕ್ಕೆ 33 ಬೇಕು.

ಗೆಲ್ಲುವ ಸಾಧ್ಯತೆ ಹೇಗೆ ಅಳೆಯುವುದು? ನಿಮ್ಮನ್ನು ಗೆಲ್ಲಿಸುವ ಎಲೆ ಎಷ್ಟು ಉಳಿದಿವೆ ಎಂದು ಎಣಿಸಿ. ಫ್ಲಶ್‌ಗೆ ಒಂದು ಎಲೆ ಕಮ್ಮಿ ಇದ್ದರೆ 9. ಎರಡೂ ತುದಿ ತೆರೆದ ಸ್ಟ್ರೇಟ್ ಆದರೆ 8. ಇನ್ನೊಂದು ಎಲೆ ಮಾತ್ರ ನೋಡುವುದಾದರೆ ಎರಡರಿಂದ ಗುಣಿಸಿ, ಎರಡೂ ಎಲೆ ನೋಡುವುದಾದರೆ ನಾಲ್ಕರಿಂದ. ಫ್ಲಶ್‌ಗೆ ಕಾಯುವವರಿಗೆ ಮುಂದಿನ ಎಲೆಯಲ್ಲಿ ನೂರಕ್ಕೆ ಸುಮಾರು 19, ಎರಡೂ ಸೇರಿ 35. ನಾಲ್ಕರ ಲೆಕ್ಕ ಫ್ಲಾಪ್‌ನಲ್ಲೇ ಆಲ್-ಇನ್ ಆದಾಗ ಮಾತ್ರ ನಿಲ್ಲುತ್ತದೆ. ಇಲ್ಲದಿದ್ದರೆ ಟರ್ನ್‌ನಲ್ಲಿ ಮತ್ತೊಂದು ಬೆಟ್ ಬರುತ್ತದೆ, ಆಗ ಮತ್ತೆ ಬೆಲೆ ಕಟ್ಟಬೇಕು. ಇದನ್ನು ಮರೆತು ಫ್ಲಶ್ ಬೆನ್ನು ಹತ್ತಿ ಚಿಪ್ಸ್ ಕಳೆದುಕೊಳ್ಳುವವರೇ ಹೆಚ್ಚು.

ಈಗ 730ರ ವಿಷಯ. ಪಾಟ್ 1,100 ಇದ್ದಾಗ ನೀವು 400 ಕಟ್ಟಿದರೆ ಎದುರಿನವರಿಗೆ ಬೇಕಾಗಿರುವುದು ನೂರಕ್ಕೆ 21. ಫ್ಲಶ್‌ಗೆ ಕಾಯುವವರಿಗೆ ಇರುವುದು 19, ಮುಂದೆ ಗೆದ್ದಾಗ ಇನ್ನಷ್ಟು ಸಿಗುತ್ತದೆ ಎಂಬ ಆಸೆ ಬೇರೆ. ಅವರಿಗೆ ಆ ಕಾಲ್ ಸರಿಯೇ. 730 ಕಟ್ಟಿದರೆ 28.5 ಬೇಕಾಗುತ್ತದೆ. ಈಗ ಅವರು ಕಾಲ್ ಮಾಡಿದಷ್ಟೂ ಲಾಭ ನಿಮ್ಮದು.

ಹೆಜ್ಜೆ 5: ಬ್ಲಫ್

ಅರ್ಧ ಪಾಟ್‌ನ ಬ್ಲಫ್ ಮೂರು ಸಲಕ್ಕೆ ಒಮ್ಮೆ ಫಲಿಸಿದರೆ ನಷ್ಟವಿಲ್ಲ. ಪೂರ್ತಿ ಪಾಟ್ ಕಟ್ಟಿದರೆ ಎರಡು ಸಲಕ್ಕೆ ಒಮ್ಮೆ ಫಲಿಸಬೇಕು. ಹಾಗಾಗಿ ದೊಡ್ಡ ಬೆಟ್ಟೇ ಒಳ್ಳೆಯ ಬ್ಲಫ್ ಎಂದುಕೊಳ್ಳಬೇಡಿ.

ಬ್ಲಫ್ ಮಾಡುವುದಾದರೆ, ಸಿಕ್ಕಿಬಿದ್ದರೂ ಗೆಲ್ಲುವ ದಾರಿ ಇರುವ ಎಲೆಯಲ್ಲಿ ಮಾಡಿ. ಫ್ಲಶ್‌ಗೆ ಒಂದು ಎಲೆ ಕಮ್ಮಿ ಇರುವ ಕೈ ಇದಕ್ಕೆ ಹೇಳಿ ಮಾಡಿಸಿದ್ದು. ಮೊದಲಿನಿಂದ ನೀವು ಕಟ್ಟಿದ ಬೆಟ್‌ಗಳು ಒಂದು ದೊಡ್ಡ ಎಲೆಯ ಕಥೆಗೆ ಹೊಂದಬೇಕು. ಫ್ಲಾಪ್, ಟರ್ನ್ ಎರಡರಲ್ಲೂ ಚೆಕ್ ಮಾಡಿ ರಿವರ್‌ನಲ್ಲಿ ಏಕಾಏಕಿ ದೊಡ್ಡದು ಕಟ್ಟಿದರೆ ಯಾರೂ ನಂಬುವುದಿಲ್ಲ.

ಇನ್ನೊಂದು ಮಾತು. ಪ್ರತಿ ಮೇಜಿನಲ್ಲೂ 'ಏನಿದೆ ನೋಡೇ ಬಿಡೋಣ ಬಿಡಿ' ಎಂದು ಎಲ್ಲಕ್ಕೂ ಕಾಲ್ ಮಾಡುವವರು ಒಬ್ಬರಿರುತ್ತಾರೆ, ಅಲ್ವಾ? ಅವರ ಮೇಲೆ ಬ್ಲಫ್ ಪೂರ್ತಿ ನಿಲ್ಲಿಸಿ. ಒಳ್ಳೆಯ ಎಲೆ ಬಂದಾಗ ಮಾಮೂಲಿಗಿಂತ ದೊಡ್ಡದು ಕಟ್ಟಿ. ಇಷ್ಟು ಮಾಡಿದರೇ ಮನೆ ಆಟದಲ್ಲಿ ಬಹಳ ಮುಂದೆ ಹೋಗಬಹುದು.

ಹೆಜ್ಜೆ 6: ಚಿಪ್ಸ್ ಕಮ್ಮಿಯಾದಾಗ

ಬ್ಲೈಂಡ್ 300/600, ಆ್ಯಂಟಿ 600. ನಿಮ್ಮ ಹತ್ತಿರ 6,000, ಅಂದರೆ 10 ಬ್ಲೈಂಡ್. ನೀವು ಬಟನ್‌ನಲ್ಲಿದ್ದೀರಿ, ಎಲ್ಲರೂ ಬಿಟ್ಟಿದ್ದಾರೆ. ಪಾಟ್‌ನಲ್ಲಿ ಆಗಲೇ 1,500 ಇದೆ. ಆಲ್-ಇನ್ ಹೋದರೆ ಏನಾಗುತ್ತದೆ?

ಹಿಂದಿರುವ ಇಬ್ಬರೂ ತಲಾ ನೂರಕ್ಕೆ 20 ಸಲ ಕಾಲ್ ಮಾಡುತ್ತಾರೆ ಎಂದುಕೊಳ್ಳೋಣ. ಇಬ್ಬರೂ ಬಿಡುವುದು ನೂರಕ್ಕೆ 64 ಸಲ. ಆಗೆಲ್ಲ ನಿಮಗೆ 1,500 ಸಿಗುತ್ತದೆ, ಸರಾಸರಿ 960. ಉಳಿದ 36 ಸಲ ಕಾಲ್ ಬರುತ್ತದೆ. ಪಾಟ್ ಸುಮಾರು 13,000. ನಿಮ್ಮ ಎಲೆ ಕೆಳಗಿದ್ದು ನೂರಕ್ಕೆ 35 ಸಲ ಮಾತ್ರ ಗೆದ್ದರೂ ಸರಾಸರಿ 4,550 ವಾಪಸ್ ಬರುತ್ತದೆ, ನಷ್ಟ 1,450. ಅದರ ನೂರಕ್ಕೆ 36 ಪಾಲು ಸುಮಾರು 520. ಕೂಡಿ ಕಳೆದರೆ ಪ್ರತಿ ಸಲ 440 ಚಿಪ್ಸ್ ಲಾಭ. ಸಾಧಾರಣ ಎಲೆಯಲ್ಲೂ!

ಆದ್ದರಿಂದ ಎರಡು ಎಕ್ಕಕ್ಕೆ ಕಾಯಬೇಡಿ. ಅದು ಬರುವುದು 221 ಕೈಗೆ ಒಮ್ಮೆ. ಅಷ್ಟರಲ್ಲಿ ಬ್ಲೈಂಡ್ ನಿಮ್ಮನ್ನು ತಿಂದು ಮುಗಿಸಿರುತ್ತದೆ. ಐದು ಬ್ಲೈಂಡ್‌ಗೆ ಇಳಿದ ಮೇಲೆ ಆಲ್-ಇನ್ ಹೋದರೆ ಯಾರೂ ಹೆದರುವುದಿಲ್ಲ. ಹೆದರಿಸುವ ಶಕ್ತಿ ಇರುವಾಗಲೇ ನೂಕಿ. ಆದರೆ ಬೇರೆಯವರು ಆಲ್-ಇನ್ ಹೋದಾಗ ಕಾಲ್ ಮಾಡಲು ಇದಕ್ಕಿಂತ ಎಷ್ಟೋ ಒಳ್ಳೆಯ ಎಲೆ ಬೇಕು. ನೀವೇ ನೂಕಿದಾಗ ಗೆಲ್ಲಲು ಎರಡು ದಾರಿ: ಅವರು ಬಿಡಬಹುದು, ಅಥವಾ ನಿಮ್ಮ ಎಲೆ ಗೆಲ್ಲಬಹುದು. ಕಾಲ್ ಮಾಡಿದಾಗ ಒಂದೇ ದಾರಿ.

ಹೆಜ್ಜೆ 7: ಅಂಕದ ಹತ್ತಿರ ಬಂದಾಗ

ನನ್ನ ಪ್ರಕಾರ ಟೂರ್ನಮೆಂಟಿನ ತುಂಬಾ ಸೊಗಸಾದ ಭಾಗ ಇದು, ತುಂಬಾ ಜನ ಎಡವುವ ಭಾಗವೂ ಹೌದು. ಇಲ್ಲಿ ಚಿಪ್ಸ್ ಬೇರೆ, ಅಂಕ ಬೇರೆ.

ಮೂವರು ಉಳಿದಿದ್ದಾರೆ. ಅವರ ಹತ್ತಿರ 40,000, 24,000 ಮತ್ತು 16,000. ಮೊದಲನೆಯವರ ಹತ್ತಿರ ಅರ್ಧ ಚಿಪ್ಸ್ ಇದೆ, ಹಾಗಂತ ಅವರಿಗೆ 100ರಲ್ಲಿ 50 ಅಂಕದ ಬೆಲೆ ಇಲ್ಲ. ಚಿಪ್ಸ್‌ಗೆ ತಕ್ಕಂತೆ ಗೆಲ್ಲುವ ಸಾಧ್ಯತೆ ಹಂಚಿ ಲೆಕ್ಕ ಹಾಕುವ ವಿಧಾನ ಒಂದಿದೆ, ಅದನ್ನು ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅನ್ನುತ್ತಾರೆ. ಅದರ ಪ್ರಕಾರ ಮೂವರ ಬೆಲೆ ಸುಮಾರು 38.4, 32.8 ಮತ್ತು 28.9 ಅಂಕ.

ಈಗ 40,000ದವರು ಆಲ್-ಇನ್ ಹೋದರು, 24,000ದವರು ನೀವು. ಬ್ಲೈಂಡ್ ಬದಿಗಿಡೋಣ. ಕಾಲ್ ಮಾಡಿ ಗೆದ್ದರೆ ನಿಮ್ಮ ಹತ್ತಿರ 48,000, ಬೆಲೆ 41 ಅಂಕ. ಸೋತರೆ ಮೂರನೇ ಸ್ಥಾನ, 20 ಅಂಕ. ಎಲೆ ಬಿಟ್ಟರೆ 32.8 ನಿಮ್ಮದೇ. ಕಾಲ್ ಸರಿಯಾಗಬೇಕಾದರೆ ನೂರಕ್ಕೆ 61 ಸಲ ಗೆಲ್ಲಬೇಕು! ಚಿಪ್ಸ್ ಲೆಕ್ಕದಲ್ಲಿ 50 ಸಾಕಾಗಿತ್ತು. ಎಕ್ಕ-ರಾಜ ಹಿಡಿದು ಎರಡು ರಾಣಿಯ ಎದುರು ನಿಂತರೆ ಗೆಲ್ಲುವುದು ನೂರಕ್ಕೆ 43ರಿಂದ 46. ಎದುರಿನವರು ಜೋಡಿಗಳನ್ನೇ ಹೆಚ್ಚಾಗಿ ನೂಕುವವರಾದರೆ ಆ ಎಕ್ಕ-ರಾಜವನ್ನೂ ಬಿಡಬೇಕಾಗುತ್ತದೆ.

ಎದುರಿನವರ ಕಡೆಯಿಂದ ನೋಡಿ. ಅವರು ಗೆದ್ದರೆ 46 ಅಂಕದ ಬೆಲೆ, ಸೋತರೂ 16,000 ಉಳಿದು 29.5. ಅವರಿಗೆ ನೂರಕ್ಕೆ 54 ಗೆಲುವು ಸಾಕು, ನೀವು ಬಿಟ್ಟುಕೊಡುವ ಸಲವೆಲ್ಲ ಮೇಲಿನ ಲಾಭ. ದೊಡ್ಡ ಸ್ಟ್ಯಾಕ್ (ಚಿಪ್ಸ್ ರಾಶಿ) ಇರುವವರು ನಡುವಿನವರನ್ನು ಒತ್ತಬೇಕು ಅನ್ನುವುದು ಇದಕ್ಕೇ. ನಿಮ್ಮ ಸ್ಟ್ಯಾಕ್ ದೊಡ್ಡದಿದ್ದಾಗ ಸುಮ್ನೆ ಕಾಯುತ್ತಾ ಕೂರಬೇಡಿ. ನಡುವಿನ ಸ್ಟ್ಯಾಕ್ ಇದ್ದಾಗ ದೊಡ್ಡವರ ದಾರಿಗೆ ಅಡ್ಡ ಹೋಗಬೇಡಿ, ಚಿಕ್ಕವರ ಮೇಲೆ ಒತ್ತಡ ಹಾಕಿ. ನಾಲ್ವರು ಉಳಿದು ಮೂವರಿಗೆ ಅಂಕ ಇರುವಾಗ ಈ ಒತ್ತಡ ಇನ್ನೂ ಹೆಚ್ಚು.

ಹೆಜ್ಜೆ 8: ಇಬ್ಬರೇ ಉಳಿದಾಗ

ಇಲ್ಲಿ ಅಂಕದ ಗೊಂದಲ ಮುಗಿಯಿತು. 30 ಅಂಕ ಇಬ್ಬರಿಗೂ ಖಚಿತ, ಉಳಿದ 20ಕ್ಕೆ ಹೋರಾಟ. ಚಿಪ್ಸ್ ಲೆಕ್ಕವೇ ಮತ್ತೆ ನಿಜವಾದ ಲೆಕ್ಕ.

ಬಟನ್ ಇರುವವರೇ ಚಿಕ್ಕ ಬ್ಲೈಂಡ್ ಕಟ್ಟಬೇಕು. ಫ್ಲಾಪ್‌ಗೆ ಮುಂಚೆ ಅವರು ಮೊದಲು ಮಾತಾಡುತ್ತಾರೆ, ಆಮೇಲೆ ಕೊನೆಗೆ. ಮನೆ ಆಟದಲ್ಲಿ ಇದನ್ನು ತಪ್ಪಾಗಿ ಆಡುವವರು ಇದ್ದಾರೆ, ಶುರುವಿಗೇ ಒಪ್ಪಂದ ಮಾಡಿಕೊಳ್ಳಿ. ಬಟನ್ ನಿಮ್ಮದಾದಾಗ ಬಹುಪಾಲು ಎಲೆಗೆ ಎರಡು ಬ್ಲೈಂಡ್‌ಗೆ ರೇಸ್ ಮಾಡಿ. ಒಂಟಿ ಎಕ್ಕ, ಒಂಟಿ ರಾಜ ಕೂಡ ಇಲ್ಲಿ ಒಳ್ಳೆಯ ಎಲೆ. ಎಂಟು ಜನರಿದ್ದಾಗ ಅನುಮಾನದಿಂದ ನೋಡುತ್ತಿದ್ದ ಮಧ್ಯದ ಜೋಡಿ ಈಗ ಕಾಲ್ ಮಾಡಲು ಧಾರಾಳ ಸಾಕು. ಇಬ್ಬರಲ್ಲಿ ಕಮ್ಮಿ ಇರುವವರ ಚಿಪ್ಸ್ 10 ಬ್ಲೈಂಡ್‌ಗೆ ಇಳಿದರೆ ಚಿಕ್ಕ ರೇಸ್ ಬಿಟ್ಟು, ಬಟನ್‌ನಿಂದ ಯಾವುದೇ ಜೋಡಿ, ಯಾವುದೇ ಎಕ್ಕ, ಬಹುಪಾಲು ರಾಜಗಳಿಗೆ ನೇರ ಆಲ್-ಇನ್ ಹೋಗಿ.